ಒಣಬಟ್ಟೆಯಿಂದ ದಿನಾ ಒರೆಸಬೇಡಿ
ನಿಮ್ಮ ಕಪ್ಪು ಕಾರಿನ ಮೇಲೆ ಬಿಸಿಲಿಗೆ ಜೇಡರ ಬಲೆಯಂತೆ ಕಾಣುವ ಗೀರುಗಳಿಗೆ ಬಣ್ಣದ ದೋಷಕ್ಕಿಂತ ದಿನಾ ಒಣಬಟ್ಟೆಯಲ್ಲಿ ಒರೆಸುವ ರೂಢಿಯೇ ಕಾರಣ. ಬಣ್ಣವನ್ನು ಕಾಯುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 50 ಮೈಕ್ರಾನ್ ಆಸುಪಾಸು ಮಾತ್ರ. ದೂಳಿನಲ್ಲಿರುವ ಮರಳಿನ ಕಣ ಅದಕ್ಕಿಂತ ಬಲು ಗಟ್ಟಿ. ಬಟ್ಟೆ ಎಷ್ಟೇ ಮೆತ್ತಗಿರಲಿ, ಗೀರುವುದು ಆ ಕಣವೇ. ಆದ್ದರಿಂದ ಮೊದಲು ನೀರು ಸುರಿದು ದೂಳು ಇಳಿಸಿ, ಆಮೇಲೆ ಕಾರ್ ಶಾಂಪೂ ಹಾಕಿ ಮೈಕ್ರೊಫೈಬರ್ ಬಟ್ಟೆಯಲ್ಲಿ ತೊಳೆಯಿರಿ. ಬಟ್ಟೆ ಜಾಲಿಸಲು ಬೇರೆ ಬಕೆಟ್ ಇರಲಿ. ನೆರಳಲ್ಲೇ ತೊಳೆದು ಕೂಡಲೇ ಒರೆಸಿ, ಬೋರ್‌ವೆಲ್ ನೀರು ಆರಿದರೆ ಬಿಳಿ ಕಲೆ ಕೂರುತ್ತದೆ.

ನೀರಿನ ಅಭಾವದಲ್ಲಿ ಇದು ದುಂದಲ್ಲವೇ ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದಿತ್ತು. ಹಿಡಿದಿಟ್ಟ ಮಳೆನೀರನ್ನು ಮಗ್ಗಿನಲ್ಲಿ ಸುರಿಯಿರಿ, ಹದಿನೈದು ದಿನಕ್ಕೊಮ್ಮೆ ಸಾಕು. ನಡುವೆ ದೂಳು ಕೂತಿದ್ದರೆ ಕೂತಿರಲಿ. ಹಕ್ಕಿ ಹಿಕ್ಕೆಯನ್ನು ಮಾತ್ರ ಅಂದೇ ಒದ್ದೆ ಬಟ್ಟೆಯಿಂದ ನೆನೆಸಿ ತೆಗೆಯಿರಿ.