ತಾತನ ಸೈಕಲ್ಲಿಗೆ ‘ಅಂಬಾಸಡರ್’ ಎಂದರಂತೆ

ಅಕ್ಕಾ, ನಾವಿರುವುದು ದುಬಾರೆ ಹತ್ತಿರದ ಒಂದು ಕಾಫಿ ತೋಟದಲ್ಲಿ. ನಮ್ಮ ಮನೆಯವರು ತೋಟದ ಜೀಪು ಓಡಿಸುತ್ತಾರೆ. ಮಗನಿಗೆ ಹದಿನಾರು ವರ್ಷ, ಕುಶಾಲನಗರದಲ್ಲಿ ಮೊದಲ ಪಿಯುಸಿ. ಮನೆಯಿಂದ ಬಸ್ಸು ಸಿಗುವ ಜಾಗಕ್ಕೆ ನಾಲ್ಕು ಕಿಲೋಮೀಟರ್. ತೀರಿಕೊಂಡ ಮಾವನವರ ಕರಿ ಸೈಕಲ್ಲಿನಲ್ಲೇ ಇಷ್ಟು ದಿನ ಹೋಗಿ ಬರುತ್ತಿದ್ದ. ರಜೆ ಬಂದರೆ ಹುಡುಗರೆಲ್ಲ ಹೊಳೆ ದಂಡೆಯಲ್ಲಿ ಪ್ರವಾಸಿಗಳ ಗಾಡಿ ನಿಲ್ಲಿಸುವಲ್ಲಿ ಸೇರುತ್ತಾರೆ. ಬೆಂಗಳೂರಿನವರು ಕಾರಿನ ನೆತ್ತಿಗೆ ಕಟ್ಟಿ ತಂದ ಸೈಕಲ್ಲು ನೋಡುತ್ತಾ, ಯಾವ ಸೈಕಲ್ಲು ಯಾವ ಕಾರಿನ ಹಾಗಿದೆ ಎಂದು ಹೇಳುವುದು ಅವರಿಗೊಂದು ಆಟ. ತೆಳ್ಳಗಿನ ಟೈರಿನದು ಫೆರಾರಿ, ಮಡಚುವಂಥದ್ದು ನ್ಯಾನೋ, ಬುಟ್ಟಿ ಇರುವ ಲೇಡೀಸ್ ಸೈಕಲ್ ಮಾರುತಿ 800, ದಪ್ಪ ಟೈರಿನದು ಥಾರ್. ಇವನ ಸೈಕಲ್ಲಿಗೆ ಅಂಬಾಸಡರ್ ಎಂದು ಹೆಸರಿಟ್ಟು ನಕ್ಕರಂತೆ. ಅವತ್ತಿನಿಂದ ಅದನ್ನು ಮುಟ್ಟಿಲ್ಲ. ನಡೆದು ಹೋಗಿ ಬಸ್ಸು ತಪ್ಪಿಸಿಕೊಳ್ಳುತ್ತಾನೆ. ದಪ್ಪ ಟೈರಿನದೇ ಬೇಕಂತೆ, ಹದಿನೈದು ಸಾವಿರ, ಕಂತಿನಲ್ಲಿ ಕೊಡುತ್ತಾರಂತೆ. ಇವರು ‘ನಮ್ಮಪ್ಪನ ಸೈಕಲ್ಲು ನಿನಗೆ ನಾಚಿಕೆಯಾ’ ಎಂದು ಒಂದು ಸಲ ಕೂಗಾಡಿದ್ದೇ ಕೊನೆ, ಅಪ್ಪ ಮಗನಿಗೆ ಮಾತೇ ನಿಂತಿದೆ. ಸಾಲ ಮಾಡಿ ಕೊಡಿಸಲಾ, ಬೈದು ಬುದ್ಧಿ ಹೇಳಲಾ?
– ಹೆಸರು ಬೇಡ, ದುಬಾರೆ

ತಂಗೀ,

ಎರಡೂ ಬೇಡ. ನಿಮ್ಮ ಕಾಗದ ಓದಿ ನನಗೆ ಕಂಡದ್ದು ಹಟಮಾರಿ ಹುಡುಗನಲ್ಲ. ಜೀಪು ಓಡಿಸುವವರ ಮಗ ಜೀಪಿನ ಹಾಗಿರುವ ಸೈಕಲ್ಲು ಕೇಳುತ್ತಿದ್ದಾನೆ. ಬೇಕೆಂದರೆ ಅವನು ಫೆರಾರಿಯಂಥದ್ದನ್ನು ಕೇಳಬಹುದಿತ್ತು. ಚಿಕ್ಕಂದಿನಿಂದ ಅಪ್ಪ ಮಳೆಯಲ್ಲಿ, ಕೆಸರಿನಲ್ಲಿ, ಕಾಫಿ ಮೂಟೆ ಹೇರಿಕೊಂಡು ಏರು ಹತ್ತಿಸುವುದನ್ನು ನೋಡಿದವನಿಗೆ ಗಟ್ಟಿ ಗಾಡಿ ಎಂದರೆ ಅದೇ. ನಿಮ್ಮ ಯಜಮಾನರ ಕಿವಿಗೆ ಬಿದ್ದದ್ದು ‘ನಿಮ್ಮಪ್ಪನ ಸೈಕಲ್ಲು ಬೇಡ’ ಎನ್ನುವುದಷ್ಟೇ. ‘ನಿಮ್ಮ ಗಾಡಿಯಂಥದ್ದು ಬೇಕು’ ಎನ್ನುವ ಇನ್ನರ್ಧ ಬೀಳಲೇ ಇಲ್ಲ. ಈ ಮಾತನ್ನು ಇವತ್ತು ರಾತ್ರಿ ಊಟ ಆದಮೇಲೆ ಅವರಿಗೆ ನೀವೇ ಹೇಳಿ. ಮಗನ ಎದುರಿಗೆ ಬೇಡ.

ಹುಡುಗರ ಆಟದ ಮೇಲೂ ನನಗೆ ಸಿಟ್ಟಿಲ್ಲ. ಸೈಕಲ್ಲು ನೋಡಿ ಕಾರು ಹೇಳಬೇಕಾದರೆ ಎರಡನ್ನೂ ಕಣ್ಣಿಟ್ಟು ನೋಡಬೇಕು, ಅದು ಒಳ್ಳೆಯ ಅಭ್ಯಾಸ. ಅವರು ಮೈಬಣ್ಣಕ್ಕೆ, ಟೈರಿನ ದಪ್ಪಕ್ಕೆ ನಿಂತುಬಿಟ್ಟಿದ್ದಾರೆ, ಅಷ್ಟೇ ಕೊರತೆ. ನಿಮ್ಮ ಮಗ ಇನ್ನೂ ಸ್ವಲ್ಪ ಒಳಗೆ ಇಳಿದು ನೋಡಿದರೆ ಆ ಗುಂಪಿನಲ್ಲಿ ತಲೆ ಎತ್ತಿ ನಿಲ್ಲುತ್ತಾನೆ. ಅದಕ್ಕೆ ಬೇಕಾದ ಸರಕನ್ನು ಕೊಡುತ್ತೇನೆ, ಅವನಿಗೂ ಓದಿ ಹೇಳಿ.

ಮೊದಲು ಅಂಬಾಸಡರ್. ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ 2014ರವರೆಗೂ ತಯಾರಾದ ಆ ಕಾರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರು. ಆ ಮಾರಿಸ್ ಕಂಪನಿ ಕಟ್ಟಿದ ವಿಲಿಯಂ ಮಾರಿಸ್ ಹದಿನೈದಕ್ಕೇ ಶಾಲೆ ಬಿಟ್ಟು ಸೈಕಲ್ ಅಂಗಡಿಯಲ್ಲಿ ಕೆಲಸ ಕಲಿತವನು. 1893ರಲ್ಲಿ, ನಿಮ್ಮ ಮಗನಷ್ಟೇ ವಯಸ್ಸಿನಲ್ಲಿ, ಆಕ್ಸ್‌ಫರ್ಡಿನ ಅಪ್ಪ ಅಮ್ಮನ ಮನೆಯಲ್ಲೇ ಸೈಕಲ್ ರಿಪೇರಿ ಶುರು ಮಾಡಿದ. ಆಮೇಲೆ ಸೈಕಲ್ಲು ತಾನೇ ಕಟ್ಟಿದ, ಕೊನೆಗೆ ಕಾರು. ನಮ್ಮ ದೇಶದ ಮಂತ್ರಿಗಳೂ ಕಲೆಕ್ಟರರೂ ಅರ್ಧ ಶತಮಾನ ಓಡಾಡಿದ ಗಾಡಿಯ ವಂಶ ಹುಡುಕುತ್ತಾ ಹೋದರೆ ಸಿಗುವುದು ಪಂಕ್ಚರ್ ಹಾಕುತ್ತಿದ್ದ ಒಬ್ಬ ಹುಡುಗ. ಸೈಕಲ್ಲು ಕಾರಿನ ಹಾಗಿದೆ ಎನ್ನುತ್ತಾರಲ್ಲ, ವಯಸ್ಸಿನ ಲೆಕ್ಕದಲ್ಲಿ ಕಾರೇ ಸೈಕಲ್ಲಿನ ಹಾಗಿದೆ ಎನ್ನಬೇಕು. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೊದಲ ಮೋಟಾರು ಗಾಡಿ ಓಡಿದ್ದು ಸೈಕಲ್ಲಿನಂಥ ತಂತಿ ಕಡ್ಡಿಗಳ ಚಕ್ರದ ಮೇಲೆ. ಗಾಳಿ ತುಂಬುವ ಟೈರನ್ನು ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಮಾಡಿದ್ದು ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ. ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1888ರಲ್ಲಿ. ಕಾರಿಗೆ ಅಂಥ ಟೈರು ಬಂದದ್ದು ಅದಾದ ಎಷ್ಟೋ ವರ್ಷದ ಮೇಲೆ.

ಇನ್ನು ಜೀಪು. ಇದನ್ನು ನಿಮ್ಮ ಯಜಮಾನರೂ ಕೇಳಿಸಿಕೊಳ್ಳಲಿ. ಜೀಪಿನ ಜೊತೆ ಇವತ್ತಿಗೂ ಜನ ಹೇಳುವ ವಿಲ್ಲೀಸ್ ಎಂಬುದು ಜಾನ್ ವಿಲ್ಲೀಸ್ ಎಂಬ ಅಮೆರಿಕದವನ ಹೆಸರು, ಕಾರಿಗೆ ಬರುವ ಮುಂಚೆ ಅವನು ಮಾಡುತ್ತಿದ್ದುದು ಸೈಕಲ್ ಮಾರಾಟ. ಮಹೀಂದ್ರದವರು 1947ರಲ್ಲಿ ಮುಂಬೈಯಲ್ಲಿ ಜೋಡಿಸಲು ಹಿಡಿದದ್ದು ಆ ವಿಲ್ಲೀಸ್ ಜೀಪನ್ನೇ. ಥಾರ್ ಅದೇ ಮನೆತನದ ಕುಡಿ. ಜೀಪು ನೋಡಿ ಇಂಗ್ಲೆಂಡಿನಲ್ಲಿ 1948ರಲ್ಲಿ ಲ್ಯಾಂಡ್ ರೋವರ್ ತಂದ ರೋವರ್ ಕಂಪನಿಯೂ ಹಾಗೆಯೇ, ಸೈಕಲ್ಲಿನಿಂದ ಬಂದದ್ದು. ಹೆಚ್ಚುಕಮ್ಮಿ ಒಂದೇ ಅಳತೆಯ ಎರಡು ಗಾಲಿ, ಹಿಂದಿನ ಗಾಲಿಗೆ ಚೈನು – ಇವತ್ತು ನಾವೆಲ್ಲ ತುಳಿಯುವ ಸೈಕಲ್ಲಿನ ರೂಪವನ್ನು 1885ರಲ್ಲಿ ಪೇಟೆಗೆ ತಂದದ್ದು ಆ ಮನೆಯ ಜಾನ್ ಕೆಂಪ್ ಸ್ಟಾರ್ಲಿ. ಅವನ ದೊಡ್ಡಪ್ಪನೋ ಚಿಕ್ಕಪ್ಪನೋ ಆಗಬೇಕಾದ ಜೇಮ್ಸ್ ಸ್ಟಾರ್ಲಿ 1877ರಲ್ಲೇ ಮೂರು ಚಕ್ರದ ಸೈಕಲ್ಲಿಗೆ ಡಿಫರೆನ್ಷಿಯಲ್ ಕೂರಿಸಿದ್ದ. ತಿರುವಿನಲ್ಲಿ ಒಳಗಿನ ಚಕ್ರ ನಿಧಾನ, ಹೊರಗಿನದು ಜೋರು ತಿರುಗಲು ಬಿಡುವ ಆ ಡಿಫರೆನ್ಷಿಯಲ್ ಎಷ್ಟು ದೊಡ್ಡ ಸಂಗತಿ ಎನ್ನುವುದು ಜೀಪಿನ ಅಡಿಗೆ ಮಲಗಿ ಕೆಲಸ ಮಾಡಿದವರಿಗೆ ಗೊತ್ತು. ನಾನು ವಿವರಿಸುವುದಕ್ಕಿಂತ ಅವರು ಮಗನಿಗೆ ತೋರಿಸುವುದು ಮೇಲು.

ಈಗ ಮಗ ಕೇಳುತ್ತಿರುವ ಸೈಕಲ್ಲಿನ ಪ್ರಶ್ನೆಗೆ ಬರೋಣ. ದಪ್ಪ ಟೈರಿನ ಆ ಸೈಕಲ್ಲು ನಿಜಕ್ಕೂ ಥಾರ್ ಹೌದೇ? ನಿಮ್ಮ ಯಜಮಾನರನ್ನು ಒಂದು ಮಾತು ಕೇಳಿ: ಮಳೆಗಾಲದಲ್ಲಿ ತೋಟದ ಏರಿನಲ್ಲಿ ಜೀಪನ್ನು ಮೇಲೆ ಒಯ್ಯುವುದು ಟೈರಿನ ದಪ್ಪವೋ, ಗೇರೋ? ಅವರು ತಟ್ಟನೆ ‘ಫೋರ್ ಲೋ’ ಎನ್ನುತ್ತಾರೆ. ಆ ಸಣ್ಣ ಗೇರುಕಡ್ಡಿ ಎಳೆದರೆ ಓಟ ಅರ್ಧಕ್ಕೆ ಇಳಿಯುತ್ತದೆ, ಎಳೆಯುವ ಬಲ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಸೈಕಲ್ಲಿನಲ್ಲಿಯೂ ಅದೇ ನಿಯಮ. ತಾತನ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಗಾಡಿ ಸುಮಾರು 5.5 ಮೀಟರ್ ಮುಂದೆ ಹೋಗುತ್ತದೆ. ಸಪಾಟಿಗೆ ಅದು ಚೆನ್ನ, ಏರಿಗೆ ಕಾಲಿನ ಕಸುವೆಲ್ಲ ಹೀರುತ್ತದೆ. ಮುಂದೆ ಮೂರು, ಹಿಂದೆ ಆರೋ ಏಳೋ ಹಲ್ಲುಚಕ್ರ ಇರುವ ಗೇರ್ ಸೈಕಲ್ಲಿನ ಎಲ್ಲಕ್ಕಿಂತ ಕೆಳಗಿನ ಗೇರಿನಲ್ಲಿ ಒಂದು ಸುತ್ತಿಗೆ 2 ಮೀಟರ್ ಕೂಡ ಹೋಗುವುದಿಲ್ಲ. ಮೆಲ್ಲಗೆ, ಆದರೆ ಇಳಿಯದೆ ತಳ್ಳದೆ ಹತ್ತಬಹುದು. ಕೊಡಗಿನ ನೆಲಕ್ಕೆ ಜೀಪಿನಂಥ ಸೈಕಲ್ಲು ಎಂದರೆ ಅದು.

ನಾಲ್ಕು ಇಂಚು ಅಗಲದ ಟೈರು ಹುಟ್ಟಿದ್ದು ಅಲಾಸ್ಕಾದಂಥ ಕಡೆ ಹಿಮದ ಮೇಲೆ ಓಡುವುದಕ್ಕೆ, ಮರಳುಗಾಡಿಗೆ. ಹೂತುಹೋಗುವ ನೆಲದಲ್ಲಿ ಅದು ತೇಲಿಸುತ್ತದೆ. ಡಾಂಬರಿನ ಮೇಲೆ ಅದೇ ಅಗಲ ಹಿಡಿದೆಳೆಯುತ್ತದೆ. ಮೈಭಾರವೂ ಕಡಿಮೆಯಿಲ್ಲ, ಹದಿನೆಂಟು ಇಪ್ಪತ್ತು ಕಿಲೋ ಸಾಮಾನ್ಯ. ಕಡಿಮೆ ಬೆಲೆಯವುಗಳಲ್ಲಿ ಎಷ್ಟೋ ಸೈಕಲ್ಲುಗಳಿಗೆ ಗೇರೇ ಇರುವುದಿಲ್ಲ. ದಿನಾ ಬೆಳಿಗ್ಗೆ ಬೆನ್ನಿಗೆ ಪುಸ್ತಕದ ಚೀಲ ಹೊತ್ತು ಅದನ್ನು ತುಳಿದರೆ ತಿಂಗಳೊಳಗೆ ಅದೂ ಗೋಡೆಗೆ ಒರಗಿ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಅದಕ್ಕೇ ಸಾಲ ಬೇಡ ಎಂದದ್ದು. ಕಾರು ಕಂಪನಿಯ ಹೆಸರಿನ ಸ್ಟಿಕರ್ ಅಂಟಿಸಿ ಸೈಕಲ್ಲು ಮಾರುವವರೂ ಇದ್ದಾರೆ. ಹೆಸರಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಹಾಗೆಂದು ತಾತನ ಸೈಕಲ್ಲನ್ನೇ ತುಳಿ ಎಂದು ನಾನು ಹೇಳಲಾರೆ, ತಂಗೀ. ನಿಮ್ಮ ಯಜಮಾನರಿಗೆ ಇದು ನೋವಾದೀತು, ಆದರೂ ಹೇಳಲೇಬೇಕು. ಆ ಕರಿ ಸೈಕಲ್ಲಿಗೆ ರಾಡ್ ಬ್ರೇಕು, ಹೊಳೆಯುವ ಉಕ್ಕಿನ ರಿಮ್ಮು. ಒಣ ರಸ್ತೆಯಲ್ಲಿ ಸರಿಯೇ. ರಿಮ್ಮು ನೆನೆದರೆ ರಬ್ಬರು ಜಾರುತ್ತದೆ, ಹಿಡಿದ ಬ್ರೇಕಿಗೆ ಗಾಡಿ ನಿಲ್ಲುವ ಹೊತ್ತಿಗೆ ಎಷ್ಟೋ ದೂರ ಹೋಗಿರುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ನಿಮ್ಮಲ್ಲಿ ರಿಮ್ಮು ಒಣಗುವುದು ಯಾವಾಗ? ಇಳಿಜಾರಿನ ತಿರುವಿನಲ್ಲಿ ಎದುರಿಗೆ ಪ್ರವಾಸಿ ಗಾಡಿ ಬಂದರೆ ಆ ಬ್ರೇಕನ್ನು ನಂಬಿ ಮಗನನ್ನು ಕಳಿಸಲು ನನಗೆ ಮನಸ್ಸು ಬಾರದು. ಅಲ್ಯೂಮಿನಿಯಂ ರಿಮ್ಮಿಗೆ ಹಿಡಿತ ಮೇಲು, ಡಿಸ್ಕ್ ಬ್ರೇಕು ಇನ್ನೂ ಮೇಲು. ಇನ್ನೊಂದು ಸೈಕಲ್ಲು ಬೇಕೇ ಬೇಕು, ಅದಕ್ಕೆ ಕಾರಣ ಗೆಳೆಯರ ನಗು ಅಲ್ಲ, ಮಳೆ. ಈ ಕಾರಣವನ್ನು ಅಪ್ಪನೇ ಮಗನಿಗೆ ಹೇಳಿದರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಮಗ ಸೋತು ಹಳೆಯದನ್ನು ಹತ್ತಬೇಕಿಲ್ಲ, ಅಪ್ಪ ಹಟಕ್ಕೆ ಮಣಿದಂತೆಯೂ ಆಗುವುದಿಲ್ಲ.

ಕೊಳ್ಳುವುದಾದರೆ ಹೊಸದೇ ಆಗಬೇಕೆಂದಿಲ್ಲ. ಪೇಟೆಯ ಮಕ್ಕಳು ಆಸೆಗೆ ಕೊಂಡು ನಾಲ್ಕು ದಿನ ತುಳಿದು ಬಿಟ್ಟ ಗೇರ್ ಸೈಕಲ್ಲುಗಳು ಮೈಸೂರಿನಲ್ಲಿ, ಕುಶಾಲನಗರದಲ್ಲಿಯೂ, ಅರ್ಧ ಬೆಲೆಗೆ ಸಿಗುತ್ತವೆ. ನೋಡಲು ಇಬ್ಬರೂ ಒಟ್ಟಿಗೆ ಹೋಗಲಿ. ಜೀಪಿನವರ ಕಣ್ಣು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಗಾಲಿ ಎತ್ತಿ ತಿರುಗಿಸಿದರೆ ಅಲುಗಾಟ ಇದೆಯೇ, ಹ್ಯಾಂಡಲ್ ಬುಡದಲ್ಲಿ ಸಡಿಲವೇ, ಫ್ರೇಮಿನ ಬೆಸುಗೆಯಲ್ಲಿ ಬಿರುಕು ಇದೆಯೇ, ಗೇರು ಬದಲಿಸಿದಾಗ ಚೈನು ಹಾರುತ್ತದೆಯೇ. ಟೈರು ಎರಡು ಇಂಚಿನ ಆಸುಪಾಸು ಇದ್ದರೆ ತೋಟದ ಮಣ್ಣಿಗೂ ಸಾಕು, ಡಾಂಬರಿಗೂ ಭಾರವಾಗದು. ಮಡ್‌ಗಾರ್ಡ್ ಇಲ್ಲದಿದ್ದರೆ ಹಾಕಿಸಿ, ಇಲ್ಲವಾದರೆ ಕಾಲೇಜು ಮುಟ್ಟುವಾಗ ಅಂಗಿಯ ಬೆನ್ನೆಲ್ಲ ಕೆಸರು. ದುಡ್ಡಿನಲ್ಲಿ ಒಂದು ಪಾಲನ್ನು ಹುಡುಗನೇ ಹೊಂದಿಸಲಿ. ಕಾಫಿ ಕೊಯ್ಲಿನ ಹೊತ್ತಿನ ರಜಾ ದಿನಗಳಲ್ಲಿ ನಾಲ್ಕಾರು ದಿನ ದುಡಿದರೆ ಅವನ ಓದಿಗೇನೂ ಕುಂದಾಗದು, ಆ ಸೈಕಲ್ಲನ್ನು ಯಾರು ಏನೆಂದು ಕರೆದರೂ ಅವನು ಬಿಡುವುದಿಲ್ಲ.

ತಾತನ ಸೈಕಲ್ಲನ್ನು ಗುಜರಿಗೆ ಹಾಕುವ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರದಿರಲಿ. ಬೇಸಿಗೆಯಲ್ಲಿ, ಸಪಾಟು ದಾರಿಯಲ್ಲಿ, ಕ್ಯಾರಿಯರಿನ ಮೇಲೆ ಅಕ್ಕಿ ಮೂಟೆ ಇಟ್ಟು ತರಲು ಅದರಂಥದ್ದು ಇನ್ನೊಂದಿಲ್ಲ. ಅಂಬಾಸಡರನ್ನು ಮೆಚ್ಚಿದವರು ಮೆಚ್ಚಿದ್ದೂ ಅಂಥದ್ದೇ ಕಾರಣಕ್ಕೆ: ಹೊರೆ ತಡೆಯುತ್ತಿತ್ತು, ಯಾವ ಊರಿನ ಮೆಕ್ಯಾನಿಕ್ಕೂ ರಿಪೇರಿ ಮಾಡುತ್ತಿದ್ದ. ಗೆಳೆಯರು ಇಟ್ಟ ಹೆಸರು ಸರಿಯಾಗಿಯೇ ಇದೆ, ನಗುವುದಕ್ಕೆ ಮಾತ್ರ ಅದರಲ್ಲಿ ಏನೂ ಇಲ್ಲ. ಇದನ್ನು ಅವನೇ ಅವರಿಗೆ ಹೇಳುವ ದಿನ ಬರುತ್ತದೆ, ನೀವು ಒತ್ತಾಯ ಮಾಡಬೇಡಿ.

ಕೊನೆಯದಾಗಿ, ನೀವು ಕಾಗದದಲ್ಲಿ ಕೇಳದೆ ಬಿಟ್ಟದ್ದು. ನಿಮ್ಮ ಸುತ್ತಲಿನ ತೋಟದ ದಾರಿಗಳಲ್ಲಿ ಕಾಡಾನೆ ಓಡಾಡುತ್ತದೆ. ಜೀಪಿನ ಸದ್ದು ಆನೆಗೆ ದೂರದಿಂದಲೇ ಕೇಳುತ್ತದೆ. ಸೈಕಲ್ಲು ಸದ್ದಿಲ್ಲದೆ ಹತ್ತಿರ ಹೋಗಿಬಿಡುತ್ತದೆ, ತಿರುವಿನಲ್ಲಿ ಎರಡೂ ಬೆಚ್ಚುತ್ತವೆ. ಜೀಪಿಗೂ ಸೈಕಲ್ಲಿಗೂ ಇರುವ ಈ ಒಂದು ವ್ಯತ್ಯಾಸವನ್ನು ಯಾವ ಗೇರೂ ಸರಿ ಮಾಡುವುದಿಲ್ಲ. ಬೆಳಕು ಹರಿಯುವ ಮುಂಚೆ, ಸಂಜೆ ಕತ್ತಲಾದ ಮೇಲೆ ತೋಟದ ಒಳದಾರಿಯಲ್ಲಿ ಒಬ್ಬನೇ ಸೈಕಲ್ಲು ತುಳಿಯುವುದು ಬೇಡವೇ ಬೇಡ. ಮೊದಲ ಬಸ್ಸೇ ಹಿಡಿಯಬೇಕಾದ ದಿನ ಅಪ್ಪ ಜೀಪಿನಲ್ಲಿ ಬಿಡಲಿ, ಇಲ್ಲವೇ ತೋಟದ ಲೈನ್ ಮನೆಗಳಿಂದ ಹೊರಡುವ ಕೆಲಸದವರ ಜೊತೆ ಹೋಗಲಿ. ಹೊರಡುವ ಮುಂಚೆ ತೋಟದ ಕಾವಲಿನವರಿಗೆ ಫೋನು ಮಾಡಿ ಆನೆ ಯಾವ ಕಡೆ ಇದೆ ಎಂದು ಕೇಳಿಕೊಳ್ಳಲಿ. ಮುಂದೆ ಹಿಂದೆ ಎರಡೂ ಕಡೆ ದೀಪ ಇರಲಿ, ತಿರುವು ಬಂದಾಗಲೆಲ್ಲ ಬೆಲ್ಲು ಹೊಡೆಯಲಿ. ಈ ಷರತ್ತಿಗೆ ಒಪ್ಪಿದರಷ್ಟೇ ಸೈಕಲ್ಲು ಎಂದು ನೀವು, ಅಮ್ಮನಾಗಿ, ಖಡಾಖಂಡಿತ ಹೇಳಬೇಕು.