ಆರೋಗ್ಯ ಪ್ರಶ್ನೋತ್ತರ: ಕ್ರೋನ್ಸ್ ಕಾಯಿಲೆ ಮತ್ತು ಊಟದ ಎಲೆ

ಕರುಳಿನ ದೀರ್ಘವ್ಯಾಧಿಗಳ ವಿಷಯವಾಗಿ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಔಷಧಿಯನ್ನು ಕುರಿತವು ಕಡಿಮೆ, ಊಟವನ್ನು ಕುರಿತವು ಬಹಳ. ಅದು ಸಹಜವೂ ಹೌದು. ಮಾತ್ರೆಯನ್ನು ನುಂಗಿ ಮರೆಯಬಹುದು, ಆದರೆ ಎಲೆಯ ಮುಂದೆ ಕುಳಿತಾಗಲೆಲ್ಲ ರೋಗಿಗೆ ತನ್ನ ರೋಗದ ನೆನಪು ಬಾರದೆ ಇರದು. ಈ ಸಲ ಕ್ರೋನ್ಸ್ ಕಾಯಿಲೆಗೆ ಸಂಬಂಧಿಸಿದ ಐದು ಪತ್ರಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿಂಜ್‌ಬರ್ಗ್ ಮತ್ತು ಗಾರ್ಡನ್ ಆಪನ್‌ಹೈಮರ್ ಎಂಬ ಮೂವರು ವೈದ್ಯರು ಸಣ್ಣಕರುಳಿನ ಕೊನೆಯ ಭಾಗದ ಉರಿಯೂತವೆಂದು ವರ್ಣಿಸಿದ ಈ ವ್ಯಾಧಿಯು, ಬಾಯಿಯಿಂದ ಗುದದ್ವಾರದವರೆಗೆ ಜೀರ್ಣಮಾರ್ಗದ ಯಾವ ಭಾಗದಲ್ಲಾದರೂ ತಲೆದೋರಬಲ್ಲದೆಂದೂ ಕರುಳಿನ ಗೋಡೆಯ ಎಲ್ಲ ಪದರಗಳನ್ನೂ ಆಕ್ರಮಿಸಬಲ್ಲದೆಂದೂ ಅನಂತರ ತಿಳಿದುಬಂದಿತು. ಸಣ್ಣಕರುಳಿನ ಕೊನೆಯ ಭಾಗವನ್ನೇ ಹಿಡಿಯುವ ಕರುಳಿನ ಕ್ಷಯದಿಂದ ಇದನ್ನು ಬೇರ್ಪಡಿಸುವುದು ನಮ್ಮ ದೇಶದಲ್ಲಿ ಅನುಭವಿಗಳಾದ ವೈದ್ಯರಿಗೂ ಕಷ್ಟವಾದುದರಿಂದ, ಅನೇಕ ರೋಗಿಗಳು ಮೊದಲು ಕೆಲವು ತಿಂಗಳು ಕ್ಷಯದ ಔಷಧಿಯನ್ನು ಸೇವಿಸಿದ ಬಳಿಕವೇ ನಿಜವಾದ ರೋಗನಿರ್ಣಯಕ್ಕೆ ಬಂದು ಮುಟ್ಟುವುದುಂಟು.

ಪ್ರಶ್ನೆ 1: ಮಾನ್ಯ ಡಾಕ್ಟರೇ, ನನಗೆ 26 ವರ್ಷ. ಕ್ರೋನ್ಸ್ ಕಾಯಿಲೆಯೆಂದು ಗೊತ್ತಾಗಿ ಒಂದು ವರ್ಷವಾಯಿತು. ಗೋಧಿ ಆಗದೆಂದು ಒಬ್ಬರು, ಹಾಲು ಆಗದೆಂದು ಇನ್ನೊಬ್ಬರು, ಬೇಳೆ ವಾಯುವೆಂದು ನಮ್ಮ ಸೋದರತ್ತೆ ಹೇಳಿದ್ದರಿಂದ ಎಲ್ಲವನ್ನೂ ಬಿಟ್ಟು ಅನ್ನ ಮಜ್ಜಿಗೆಯಲ್ಲೇ ಇದ್ದೇನೆ. ತೂಕ ಬಹಳ ಇಳಿದಿದೆ. ಸರಿಯಾದ ಪಥ್ಯದ ಪಟ್ಟಿಯೊಂದನ್ನು ಕೊಡಿ.
— ಓದುಗರು, ದಾವಣಗೆರೆ

ಉತ್ತರ: ಎಲ್ಲ ರೋಗಿಗಳಿಗೂ ಎಲ್ಲ ಕಾಲಕ್ಕೂ ಸಲ್ಲುವ ಪಟ್ಟಿಯೊಂದಿದ್ದಿದ್ದರೆ ಅದನ್ನು ಇಲ್ಲಿಯೇ ಅಚ್ಚುಮಾಡಿಸಿ ನಿಮ್ಮ ಸಂಕಟವನ್ನು ಪರಿಹರಿಸಬಹುದಾಗಿತ್ತು, ಅಂಥದೊಂದು ಇಲ್ಲ. ಆನುವಂಶಿಕ ಪ್ರವೃತ್ತಿ, ಕರುಳಿನಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳ ಏರುಪೇರು, ದೇಹದ ರಕ್ಷಣಾವ್ಯವಸ್ಥೆಯ ವಿಪರೀತ ವರ್ತನೆ ಇವೆಲ್ಲ ಕೂಡಿ ಹುಟ್ಟಿಸುವ ಈ ರೋಗಕ್ಕೆ ನೀವು ತಿಂದ ಯಾವುದೋ ಒಂದು ಪದಾರ್ಥವನ್ನು ಹೊಣೆಮಾಡುವುದಕ್ಕೆ ಆಧಾರವಿಲ್ಲ. ಆದರೆ ಎಲ್ಲವನ್ನೂ ಬಿಟ್ಟುದರಿಂದ ಆಗಿರುವ ಹಾನಿ ಮಾತ್ರ ನಿಮ್ಮ ತೂಕದಲ್ಲಿ ಪ್ರತ್ಯಕ್ಷವಾಗಿದೆ. ಉರಿಯೂತವು ಪ್ರಬಲವಾಗಿರುವಾಗ ಶರೀರಕ್ಕೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂನಷ್ಟು ಪ್ರೋಟೀನು ಬೇಕು. ಎಂದರೆ 50 ಕಿಲೋ ತೂಗುವವನಿಗೆ 60ರಿಂದ 75 ಗ್ರಾಂ. ಅನ್ನ ಮಜ್ಜಿಗೆಯಿಂದ ಅದರ ಅರ್ಧವಾದರೂ ಕೂಡಿಬರುವುದು ಕಷ್ಟ.

ಆದುದರಿಂದ ಮೊದಲು ರೋಗವು ಈಗ ಯಾವ ಅವಸ್ಥೆಯಲ್ಲಿದೆಯೆಂಬುದನ್ನು ನಿಮ್ಮ ವೈದ್ಯರಿಂದ ತಿಳಿಯತಕ್ಕದ್ದು. ಭೇದಿ, ಹೊಟ್ಟೆನೋವು, ಜ್ವರಗಳಿಂದ ಅದು ಕೆರಳಿರುವಾಗ ಇಡ್ಲಿ, ಮೆತ್ತಗೆ ಬೇಯಿಸಿದ ಅನ್ನ, ನುಣ್ಣಗೆ ಕಡೆದ ಹೆಸರುಬೇಳೆಯ ತೊವ್ವೆ, ಸಿಪ್ಪೆ ಮತ್ತು ತಿರುಳು ತೆಗೆದು ಬೇಯಿಸಿದ ಸೋರೆ, ಪಡವಲ, ಸೀಮೆಬದನೆ, ಕಳಿತ ಬಾಳೆಹಣ್ಣು, ತಿನ್ನುವವರಾದರೆ ಬೇಯಿಸಿದ ಮೊಟ್ಟೆ ಮತ್ತು ಮೀನು, ಇವುಗಳನ್ನು ದಿನಕ್ಕೆ ಐದಾರು ಸಲ ಸ್ವಲ್ಪಸ್ವಲ್ಪವಾಗಿ ಸೇವಿಸುವುದು ಹಿತಕರ. ಕೆರಳಿಕೆ ಶಮನವಾದ ಬಳಿಕ ಬಿಟ್ಟ ಪದಾರ್ಥಗಳನ್ನು ಒಂದೊಂದಾಗಿ, ಮೊದಲು ಅಲ್ಪ ಪ್ರಮಾಣದಲ್ಲಿ, ಮೂರು ನಾಲ್ಕು ದಿನ ಪರೀಕ್ಷಿಸಿ, ಫಲವನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತ ಮರಳಿ ತರಬೇಕು. ಹಾಲು ಒಗ್ಗದವರಲ್ಲಿ ಅನೇಕರಿಗೆ ಮೊಸರು ಒಗ್ಗುತ್ತದೆ, ಏಕೆಂದರೆ ಹೆಪ್ಪುಗಟ್ಟುವಾಗ ಹಾಲಿನ ಸಕ್ಕರೆಯ ಒಂದಂಶ ಕರಗಿಹೋಗಿರುತ್ತದೆ. ಗೋಧಿಯಿಂದಲೂ ಈರುಳ್ಳಿಯಿಂದಲೂ ಕೆಲವರಿಗೆ ಹೊಟ್ಟೆಯುಬ್ಬರ ಉಂಟಾಗುವುದು ನಿಜ. ಆದರೆ ಉಬ್ಬರವೇ ಬೇರೆ, ಕರುಳಿನ ಹುಣ್ಣು ಹೆಚ್ಚುವುದೇ ಬೇರೆ. ಸಂದೇಹಕ್ಕೆ ಕಾರಣವಿರುವುದು ಕಾರ್ಖಾನೆಯಲ್ಲಿ ತಯಾರಾಗಿ ಪೊಟ್ಟಣದಲ್ಲಿ ಬರುವ, ಬಹುಕಾಲ ಕೆಡದಂತೆ ನಾನಾ ರಾಸಾಯನಿಕಗಳನ್ನು ಬೆರೆಸಿದ ತಿನಿಸುಗಳ ಮೇಲೆ. ಬಿಡುವುದಿದ್ದರೆ ಅವನ್ನು ಬಿಡಿ, ಬೇಳೆಯನ್ನಲ್ಲ.

ಪ್ರಶ್ನೆ 2: ನನ್ನ ಮಗನಿಗೆ 13 ವರ್ಷ. ಎತ್ತರ ಬೆಳೆಯುತ್ತಿಲ್ಲವೆಂದು ತೋರಿಸಲು ಹೋದಾಗ ಈ ರೋಗ ಪತ್ತೆಯಾಯಿತು. ಮಕ್ಕಳ ಡಾಕ್ಟರು ಆರೆಂಟು ವಾರ ಊಟವನ್ನೇ ಕೊಡದೆ ಬರೀ ದ್ರವಾಹಾರದಲ್ಲಿ ಇಡಬೇಕೆನ್ನುತ್ತಾರೆ. ಬೆಳೆಯುವ ಹುಡುಗನನ್ನು ಹಾಗೆ ಉಪವಾಸ ಕೆಡವಬಹುದೇ? ರಾಗಿ ಗಂಜಿ ಕುಡಿಸಿದರೆ ಸಾಲದೇ?
— ತಾಯಿ, ಧಾರವಾಡ

ಉತ್ತರ: ತಾಯಿ, ತಮ್ಮ ಭಯ ಅರ್ಥವಾಗತಕ್ಕದ್ದೇ, ಆದರೆ ಅದು ಉಪವಾಸವಲ್ಲ. ಶರೀರಕ್ಕೆ ಬೇಕಾದ ಪ್ರೋಟೀನು, ಕೊಬ್ಬು, ಶರ್ಕರ, ಜೀವಸತ್ವ, ಲವಣಗಳೆಲ್ಲವನ್ನೂ ಅಳೆದು ಸೇರಿಸಿದ ಪೂರ್ಣಪೋಷಕ ದ್ರವವನ್ನು, ಆ ಹುಡುಗನ ತೂಕಕ್ಕೂ ಬೆಳವಣಿಗೆಗೂ ತಕ್ಕ ಪ್ರಮಾಣದಲ್ಲಿ, ಆರರಿಂದ ಎಂಟು ವಾರ ಬೇರೆ ಆಹಾರವಿಲ್ಲದೆ ಕೊಡುವ ಈ ಕ್ರಮವು ಮಕ್ಕಳ ಕ್ರೋನ್ಸ್ ಕಾಯಿಲೆಯಲ್ಲಿ ಆಹಾರವೇ ಔಷಧಿಯಾಗಿ ನಿಲ್ಲುವ ಚಿಕಿತ್ಸೆಯಾಗಿದೆ. ಉರಿಯೂತವನ್ನು ಶಮನಗೊಳಿಸುವುದರಲ್ಲಿ ಇದು ಸ್ಟಿರಾಯ್ಡ್ ಮಾತ್ರೆಗಳಿಗೆ ಸಮನಾಗಿದ್ದು, ಅವುಗಳಂತೆ ಎಲುಬನ್ನು ಸಡಿಲಗೊಳಿಸುವುದಾಗಲಿ ಬೆಳವಣಿಗೆಯನ್ನು ತಡೆಯುವುದಾಗಲಿ ಇದರಿಂದ ಆಗದು. ತಮ್ಮ ಮಗನ ಎತ್ತರವನ್ನು ತಡೆದು ನಿಲ್ಲಿಸಿರುವುದು ಆ ಉರಿಯೂತವೇ ಆಗಿರುವ ಸಂಭವವಿರುವುದರಿಂದ ಅದನ್ನು ಆರಿಸುವುದೇ ಬೆಳವಣಿಗೆಗೆ ದಾರಿ.

ರಾಗಿ ಗಂಜಿಯು ಸತ್ತ್ವವುಳ್ಳದ್ದಾದರೂ ಅದೊಂದೇ ಈ ಕಾರ್ಯಕ್ಕೆ ಸಾಲದು. ಅದರಲ್ಲಿ ಕೊಬ್ಬು ಕಡಿಮೆ, ಪ್ರೋಟೀನು ಅಪೂರ್ಣ, ಬಿ12 ಜೀವಸತ್ವವಂತೂ ಇಲ್ಲವೇ ಇಲ್ಲ. ಮೊದಲ ವಾರ ಹುಡುಗನು ಹಟಮಾಡುವುದು, ಮನೆಯವರೆಲ್ಲ ಒಗ್ಗರಣೆ ಹಾಕಿ ಉಣ್ಣುವಾಗ ಮುಖ ಸಣ್ಣದು ಮಾಡಿಕೊಳ್ಳುವುದು ಇದ್ದದ್ದೇ. ದ್ರವವನ್ನು ತಣ್ಣಗೆ ಮಾಡಿ ಕೊಡುವುದೂ, ಶಾಲೆಯ ಉಪಾಧ್ಯಾಯರಿಗೆ ಮೊದಲೇ ತಿಳಿಸಿಡುವುದೂ ಸಹಾಯಕವಾದೀತು. ಕುಡಿಯಲು ಒಲ್ಲದ ಮಕ್ಕಳಿಗೆ ಮೂಗಿನ ಮೂಲಕ ಸಣ್ಣ ಕೊಳವೆಯಿಂದ ಕೊಡುವುದೂ ಉಂಟು. ಇಸ್ರೇಲಿನ ವೈದ್ಯ ಅರೀ ಲೆವಿನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧ ಪೋಷಣೆಯನ್ನು ಇಂಥ ದ್ರವದಿಂದಲೂ ಉಳಿದರ್ಧವನ್ನು ಆಯ್ದ ಕೆಲವೇ ಘನಾಹಾರಗಳಿಂದಲೂ ಕೊಡುವ ಕ್ರಮವನ್ನು ಮಕ್ಕಳು ಹೆಚ್ಚು ಸುಲಭವಾಗಿ ಸಹಿಸಿಕೊಂಡುದು ಕಂಡುಬಂದಿದೆ. ಆ ಕ್ರಮದಲ್ಲಿ ಕೋಳಿಮಾಂಸವೂ ಮೊಟ್ಟೆಯೂ ಮುಖ್ಯವಾಗಿರುವುದರಿಂದ ಸಸ್ಯಾಹಾರಿಗಳ ಮನೆಯಲ್ಲಿ ಆಹಾರತಜ್ಞರ ನೆರವಿಲ್ಲದೆ ಅದನ್ನು ಕೈಗೊಳ್ಳಬಾರದು.

ಪ್ರಶ್ನೆ 3: ನನಗೆ 38 ವರ್ಷ. ಸಣ್ಣಕರುಳಿನ ಕೊನೆಯಲ್ಲಿ ಕರುಳು ಕಿರಿದಾಗಿದೆಯೆಂದು ಸ್ಕ್ಯಾನಿಂಗಿನಲ್ಲಿ ಕಂಡಿದೆ. ಮಲೆನಾಡಿನವಳಾದ ನನಗೆ ಕಳಲೆ, ಹಲಸು, ಸೊಪ್ಪಿಲ್ಲದೆ ಮಳೆಗಾಲ ಕಳೆಯುವುದಿಲ್ಲ. ನಾರು ಆರೋಗ್ಯಕ್ಕೆ ಒಳ್ಳೆಯದೆಂದು ನೀವೇ ಬರೆಯುತ್ತೀರಿ. ನಾನು ಏನು ಮಾಡಲಿ?
— ಓದುಗರು, ತೀರ್ಥಹಳ್ಳಿ

ಉತ್ತರ: ನಾರಿನ ವಿಷಯವಾಗಿ ನಾನು ಬರೆದುದು ಕರುಳಿನ ದಾರಿ ತೆರೆದಿರುವವರಿಗೆ ಸಲ್ಲುತ್ತದೆ. ಇಕ್ಕಟ್ಟಾದ ಕಾಲುವೆಯಲ್ಲಿ ನೀರು ಸರಾಗವಾಗಿ ಹರಿದರೂ ತರಗೆಲೆ ಕಡ್ಡಿಗಳು ಸಿಕ್ಕಿಕೊಂಡು ಕಟ್ಟೆ ಕಟ್ಟುವಂತೆ, ಕಿರಿದಾದ ಕರುಳಿನಲ್ಲಿಯೂ ಜೀರ್ಣವಾಗದ ಒರಟು ನಾರು ಸಿಲುಕಿ ಒಮ್ಮೆಲೆ ಅಡಚಣೆಯನ್ನುಂಟುಮಾಡೀತು. ಆದುದರಿಂದ ಕಳಲೆ, ಬಾಳೆದಿಂಡು, ಗುಜ್ಜೆ, ಹಲಸಿನ ತೊಳೆ, ನುಗ್ಗೆಕಾಯಿ, ದಂಟು, ಅನಾನಸ್, ಮುಸುಕಿನ ಜೋಳ, ಅಣಬೆ, ಇಡಿಯಾದ ಕಡಲೆಕಾಯಿ ಮತ್ತು ಗೋಡಂಬಿ, ಕಿತ್ತಳೆ ತೊಳೆಯ ಪೊರೆ, ಸೀಬೆಯ ಬೀಜ ಇವುಗಳನ್ನು ಸದ್ಯಕ್ಕೆ ದೂರವಿಡಬೇಕು.

ಆದರೆ ತರಕಾರಿಯೇ ಕೂಡದೆಂದು ಇದರ ಅರ್ಥವಲ್ಲ. ಬದಲಾಗಬೇಕಾದುದು ಅಡುಗೆಯ ರೀತಿ. ಸಿಪ್ಪೆ ಹೆರೆದು, ಬೀಜ ತೆಗೆದು, ಚೆನ್ನಾಗಿ ಬೇಯಿಸಿ, ಅರೆದು, ಬೇಕಾದರೆ ಸೋಸಿ ಉಪಯೋಗಿಸಿದರೆ ಬಹುಪಾಲು ತರಕಾರಿಗಳ ಸಾರವು ನಿಮಗೂ ದೊರೆಯುತ್ತದೆ. ಸೊಪ್ಪಿನಲ್ಲಿ ಕಡ್ಡಿಯನ್ನು ಬಿಟ್ಟು ಎಳೆಯ ಎಲೆಯನ್ನು ಮಾತ್ರ ಬೇಯಿಸಿ ನುಣ್ಣಗೆ ಮಸೆದು ಬೇಳೆಯೊಡನೆ ಬೆರೆಸಿರಿ. ತೆಂಗಿನತುರಿಯನ್ನು ಹಾಗೆಯೇ ಹಾಕುವ ಬದಲು ಹಾಲು ಹಿಂಡಿ ಸೇರಿಸಿರಿ. 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ರಾಗಿಯನ್ನು ಬಿಟ್ಟುಬಿಡುವುದು, ಸ್ಟಿರಾಯ್ಡಿನಿಂದ ಎಲುಬು ಸವೆಯುವ ಸಂಭವವಿರುವ ಈ ರೋಗದಲ್ಲಿ, ನಷ್ಟವೇ ಸರಿ. ಮೊಳಕೆ ಕಟ್ಟಿ ಒಣಗಿಸಿ ಬೀಸಿ ಬಟ್ಟೆಯಲ್ಲಿ ಸೋಸಿ ಹಸುಗೂಸುಗಳಿಗೆ ಮಾಡುವ ರಾಗಿ ಸರಿ ನಿಮಗೂ ಒಗ್ಗಬಹುದು. ಯಾವುದನ್ನೇ ಆಗಲಿ ಅವಸರವಿಲ್ಲದೆ ಅಗಿದು ನುಂಗಬೇಕು.

ಇಕ್ಕಟ್ಟು ಎರಡು ಬಗೆಯದು. ಊತದಿಂದಾದುದು ಔಷಧಿಯಿಂದ ಸಡಿಲವಾಗಬಹುದು; ಗಾಯ ಮಾಗಿ ಕಲೆಗಟ್ಟಿದುದಕ್ಕೆ ಎಂಡೋಸ್ಕೋಪಿಯ ಮೂಲಕ ಬಲೂನಿನಿಂದ ಹಿಗ್ಗಿಸುವುದೋ ಶಸ್ತ್ರಚಿಕಿತ್ಸೆಯೋ ಬೇಕಾದೀತು. ನಿಮ್ಮದು ಯಾವುದೆಂದು ಕೇಳಿ ತಿಳಿಯಿರಿ. ಈ ಕಟ್ಟುಪಾಡು ಎಷ್ಟು ಕಾಲವೆಂಬುದು ಅದನ್ನು ಅವಲಂಬಿಸಿದೆ. ಇಕ್ಕಟ್ಟಿಲ್ಲದ ಇತರ ರೋಗಿಗಳು ಈ ಉತ್ತರವನ್ನು ಓದಿ ತಾವೂ ಸೊಪ್ಪನ್ನು ಬಿಡಬಾರದೆಂದು ಪ್ರತ್ಯೇಕವಾಗಿ ಹೇಳಬೇಕಾಗಿದೆ.

ಪ್ರಶ್ನೆ 4: ನನಗೆ 52 ವರ್ಷ, ಶುದ್ಧ ಸಸ್ಯಾಹಾರಿ. ಆರು ವರ್ಷದ ಹಿಂದೆ ಆಪರೇಷನ್ ಮಾಡಿ ಸಣ್ಣಕರುಳಿನ ತುದಿಯನ್ನು ಸುಮಾರು ಎರಡಡಿ ತೆಗೆದರು. ಈಗ ಊಟವಾದೊಡನೆ ನೀರಿನಂಥ ಭೇದಿ, ಪಾದಗಳಲ್ಲಿ ಜೋಮು, ಮೊನ್ನೆ ಮೂತ್ರಪಿಂಡದಲ್ಲಿ ಕಲ್ಲು. ಇವೆಲ್ಲ ಬೇರೆಬೇರೆ ರೋಗಗಳೇ?
— ಓದುಗರು, ಉಡುಪಿ

ಉತ್ತರ: ಮೂರಕ್ಕೂ ಮೂಲ ಒಂದೇ ಇರುವ ಸಂಭವ ಹೆಚ್ಚು. ಬಿ12 ಜೀವಸತ್ವವನ್ನು ಹೀರಿಕೊಳ್ಳುವುದೂ, ಪಿತ್ತಾಮ್ಲವನ್ನು ಮರಳಿ ಯಕೃತ್ತಿಗೆ ಕಳುಹಿಸುವುದೂ ಸಣ್ಣಕರುಳಿನ ಕೊನೆಯ ಭಾಗದ ಕೆಲಸ. ಅದು 20 ಸೆಂಟಿಮೀಟರಿಗಿಂತ ಹೆಚ್ಚು ಹೋದವರಿಗೆ ಬಿ12 ಕೊರತೆಯ ಭಯವಿದ್ದೇ ಇದೆ. ಸಸ್ಯಾಹಾರಿಗಳಿಗೆ ಆ ಸತ್ವ ದೊರೆಯುವುದು ಹಾಲು ಮೊಸರುಗಳಿಂದ ಮಾತ್ರವಾದುದರಿಂದ ತಮ್ಮಲ್ಲಿ ಆದಾಯವೂ ಕಡಿಮೆ, ಹೀರಿಕೆಯೂ ಕಡಿಮೆ. ಜೋಮು ಅದರ ಸೂಚನೆಯಿರಬಹುದು. ರಕ್ತ ಪರೀಕ್ಷೆಯನ್ನು ಈ ವಾರವೇ ಮಾಡಿಸಿ, ಕೊರತೆ ಕಂಡರೆ ಇಂಜೆಕ್ಷನ್ನಿನ ಮೂಲಕ ತುಂಬಿಸಿಕೊಳ್ಳಬೇಕು. ತಡಮಾಡಿದರೆ ನರಗಳಿಗಾಗುವ ಹಾನಿ ಶಾಶ್ವತವಾಗಬಹುದು.

ಹಿಂದಿರುಗಲಾರದ ಪಿತ್ತಾಮ್ಲವು ದೊಡ್ಡಕರುಳಿಗೆ ಇಳಿದು ಅಲ್ಲಿ ನೀರನ್ನು ಸ್ರವಿಸುವಂತೆ ಮಾಡುವುದರಿಂದ ಭೇದಿಯಾಗುತ್ತದೆ. ಪಿತ್ತಾಮ್ಲವನ್ನು ಹಿಡಿದಿಡುವ ಪುಡಿಯೊಂದು ಔಷಧಿಯಾಗಿ ದೊರೆಯುತ್ತದೆ. ತಮ್ಮ ವೈದ್ಯರನ್ನು ಅದನ್ನು ಕುರಿತು ಕೇಳಿ, ಕರಿದ ತಿಂಡಿಯನ್ನೂ ಬೆಣ್ಣೆ ತುಪ್ಪವನ್ನೂ ಮಿತಗೊಳಿಸಿ. ಇನ್ನು ಕಲ್ಲಿನ ವಿಷಯ: ಆಹಾರದ ಕ್ಯಾಲ್ಸಿಯಂ ಸಾಮಾನ್ಯವಾಗಿ ಸೊಪ್ಪು ಕಾಳುಗಳ ಆಕ್ಸಲೇಟನ್ನು ಕರುಳಿನಲ್ಲೇ ಕಟ್ಟಿಹಾಕಿ ಮಲದಲ್ಲಿ ಹೊರದಬ್ಬುತ್ತದೆ. ಜೀರ್ಣವಾಗದೆ ಉಳಿದ ಕೊಬ್ಬು ಆ ಕ್ಯಾಲ್ಸಿಯಂ ಅನ್ನು ಕಸಿದುಕೊಂಡಾಗ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ. ಕಲ್ಲಾಯಿತೆಂದು ಹೆದರಿ ಹಾಲು ಮೊಸರು ಬಿಡುವುದು ತಪ್ಪು. ಅವು ಊಟದೊಡನೆಯೇ ಇರಬೇಕು. ಕಡಮೆಮಾಡಬೇಕಾದವು ಪಾಲಕ್, ಬೀಟ್‌ರೂಟ್, ಗೋಡಂಬಿ ಬಾದಾಮಿ, ಕಡುಚಹಾ ಮತ್ತು, ತಮ್ಮ ಊರಿನವರಿಗೆ ಹೇಳಲು ಸಂಕೋಚವಾದರೂ, ಕೆಸುವಿನೆಲೆಯ ಪತ್ರೊಡೆ. ಭೇದಿ ಹೆಚ್ಚಾದ ದಿನ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಬೆರೆಸಿ ಗುಟುಕುಗುಟುಕಾಗಿ ಕುಡಿಯಿರಿ. ಚಮಚೆಯೆಂದರೆ ಚಹಾದ ಚಮಚೆ.

ಪ್ರಶ್ನೆ 5: ಆರು ತಿಂಗಳಿಂದ ನೋವಿಲ್ಲ, ಭೇದಿಯಿಲ್ಲ. ಪಥ್ಯ ಚೆನ್ನಾಗಿ ಮಾಡುತ್ತಿರುವುದರಿಂದ ಮಾತ್ರೆಗಳನ್ನು ನಿಲ್ಲಿಸಿ ಕಷಾಯ ಕುಡಿಯಬಹುದೇ? ಏಕಾದಶಿ ಉಪವಾಸ, ಮದುವೆ ಊಟ ಇವುಗಳ ವಿಷಯವೇನು?
— ಓದುಗರು, ಮೈಸೂರು

ಉತ್ತರ: ನಿಲ್ಲಿಸಬೇಡಿ. ಈ ರೋಗದಲ್ಲಿ ಹೊಟ್ಟೆ ಮೌನವಾಗಿದ್ದರೂ ಕರುಳಿನೊಳಗೆ ಉರಿಯೂತ ಮುಂದುವರಿಯಬಲ್ಲದಾದುದರಿಂದ, ಮಲದಲ್ಲಿನ ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆ, ಕೊಲೊನೊಸ್ಕೋಪಿ ಮುಂತಾದವುಗಳಿಂದ ಶಮನವು ನಿಜವೆಂದು ಖಚಿತವಾದ ಮೇಲೂ ಔಷಧಿಯನ್ನು ಇಳಿಸುವ ನಿರ್ಣಯ ವೈದ್ಯರದಾಗಿರತಕ್ಕದ್ದು. ಯಾವ ಕಷಾಯವನ್ನು ಕುಡಿಯುವುದಿದ್ದರೂ ಅವರಿಗೆ ತಿಳಿಸಿಯೇ ಕುಡಿಯಿರಿ. ಭೇದಿಯನ್ನುಂಟುಮಾಡುವ ಮೂಲಿಕೆಗಳು ನಿಮಗೆ ಸಲ್ಲವು. ತೂಕ ಸರಿಯಾಗಿದ್ದು ರೋಗ ಶಾಂತವಾಗಿದ್ದರೆ ಏಕಾದಶಿಯಂದು ಹಾಲು ಹಣ್ಣಿನ ಫಲಾಹಾರಕ್ಕೆ ಅಡ್ಡಿಯಿಲ್ಲ. ನೀರೂ ಕುಡಿಯದ ನಿರ್ಜಲ ಉಪವಾಸ ಬೇಡ. ಮದುವೆಗೆ ಹೋಗಿ, ಎಲೆಯ ಮುಂದೆ ಕುಳಿತುಕೊಳ್ಳಿ, ಬಿಸಿಯಾಗಿ ಬಡಿಸಿದುದನ್ನು ಹಿತಮಿತವಾಗಿ ಉಣ್ಣಿ. ರಕ್ಷಣಾಶಕ್ತಿಯನ್ನು ತಗ್ಗಿಸುವ ಔಷಧಿ ಸೇವಿಸುವವರು ಕಾಯಿಸದ ಹಾಲು, ಬೀದಿಯ ಪಾನಿಪೂರಿಯ ನೀರು, ಬಹಳ ಹೊತ್ತಿನ ಹಸಿಚಟ್ನಿ ಇವುಗಳನ್ನು ಮುಟ್ಟದಿರುವುದು ಲೇಸು. ಬೀಡಿ ಸಿಗರೇಟುಗಳು ಈ ರೋಗವನ್ನು ಉಲ್ಬಣಗೊಳಿಸುವುದು ಸಿದ್ಧವಾದ ಸಂಗತಿ. ಮೈಕೈ ನೋವಿಗೆ ಅಂಗಡಿಯಿಂದ ತಾವೇ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳಿಂದಲೂ ರೋಗ ಕೆರಳಬಹುದು.

ಕೊನೆಯದಾಗಿ ಎಲ್ಲ ಓದುಗರಲ್ಲಿಯೂ ಒಂದು ವಿಜ್ಞಾಪನೆ. ಯಾವುದಾದರೂ ಪದಾರ್ಥವನ್ನು ಬಿಡುವಾಗಲೆಲ್ಲ, ಅದರಿಂದ ದೊರೆಯುತ್ತಿದ್ದ ಪೋಷಣೆ ಇನ್ನಾವುದರಿಂದ ಬರುವುದೆಂದು ಕೇಳಿಕೊಳ್ಳಿರಿ. ಉತ್ತರ ಸಿಕ್ಕದಿದ್ದರೆ ಬಿಡಬೇಡಿರಿ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ. ಕಬ್ಬಿಣ, ಬಿ12, ಡಿ ಜೀವಸತ್ವಗಳ ರಕ್ತಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಿ. ಹೊಟ್ಟೆ ಉಬ್ಬಿ ವಾಂತಿಯಾಗಿ ಮಲವಾಗಲಿ ವಾಯುವಾಗಲಿ ಹೋಗದಿದ್ದರೆ, ಹೊಟ್ಟೆನೋವಿನೊಡನೆ ಚಳಿಜ್ವರ ಬಂದರೆ, ಮಲದಲ್ಲಿ ಹೆಚ್ಚು ರಕ್ತ ಕಂಡರೆ, ಆಗ ಪಥ್ಯದ ಯೋಚನೆಯನ್ನು ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿರಿ.