ಹಾಯಿಹಡಗಿನ ಬಿಡುವು: ತಡವಾಗಿ ಕಲಿತ ಪಾಠಗಳು

ಹಾಯಿಹಡಗಿನಲ್ಲಿದ್ದೆ ಅಂದ ಕೂಡಲೇ ಜನ ಕೇಳುವುದು ಬಿರುಗಾಳಿಯ ಬಗ್ಗೆ. ನಿಜ ಹೇಳಬೇಕೆಂದರೆ ಬಿರುಗಾಳಿಯಲ್ಲಿ ನನ್ನಂಥವನು ಯೋಚಿಸುವುದೇನೂ ಇರುತ್ತಿರಲಿಲ್ಲ. ಎಳೆ ಅಂದಾಗ ಎಳೆಯಬೇಕು, ಬಿಡು ಅಂದಾಗ ಬಿಡಬೇಕು. ನಾನು ಎಡವಿದ್ದೆಲ್ಲ ಉಳಿದ ಹೊತ್ತಿನಲ್ಲಿ: ಊಟ, ಸ್ನಾನ, ನಿದ್ದೆ, ಕ್ಯಾರಂ.

ನೌಕಾಪಡೆಯ ತರಬೇತಿ ಹಾಯಿಹಡಗಿನಲ್ಲಿ ಸೇಲರ್ ಆಗಿದ್ದವನು ನಾನು. ಹಡಗಿನ ಹೆಸರು ಬೇಡ. ಹಳೆಯ ಗೆಳೆಯರು ಓದಿದರೆ ಫೋನ್ ಮಾಡಿ ನಾನು ಬಿಟ್ಟ ಸಂಗತಿಗಳನ್ನೂ ಸೇರಿಸುತ್ತಾರೆ. ಅಂಥ ಹಡಗು ಎಷ್ಟು ದೊಡ್ಡದು ಎಂದು ತಿಳಿಯಬೇಕಿದ್ದರೆ ಐಎನ್‌ಎಸ್ ತರಂಗಿಣಿಯನ್ನು ನೋಡಬಹುದು. ಬ್ರಿಟನ್ನಿನ ಕಾಲಿನ್ ಮ್ಯೂಡಿ ಅದರ ವಿನ್ಯಾಸ ಮಾಡಿದರು, ಗೋವಾ ಶಿಪ್‌ಯಾರ್ಡ್ ಕಟ್ಟಿತು, 1997ರ ನವೆಂಬರಿನಲ್ಲಿ ಅದು ಪಡೆಗೆ ಸೇರಿತು. 54 ಮೀಟರ್ ಉದ್ದ, ಮೂರು ಮಾಸ್ಟು, 20 ಹಾಯಿ. 2003-04ರಲ್ಲಿ ಭೂಮಿಯನ್ನು ಸುತ್ತಿ ಬಂದ ಹಡಗು ಅದು. ಅಷ್ಟು ಜಾಗದಲ್ಲಿ ಸಿಬ್ಬಂದಿ, ಕೆಡೆಟ್‌ಗಳು ಸೇರಿ ಅರವತ್ತರ ಸುಮಾರು ಜನ ತಿಂಗಳುಗಟ್ಟಲೆ ಇರಬೇಕು. ಒಬ್ಬನೇ ಇರಬಹುದಾದ ಜಾಗ ಅಂದರೆ ಕಕ್ಕಸು, ಅದಕ್ಕೂ ಬಾಗಿಲು ಬಡಿಯುವವರಿದ್ದಾರೆ.

1. ವಾಚಿಗೆ ಸರಿಯಾದ ಹೊತ್ತಿಗೆ ಬಂದವನು ತಡವಾಗಿ ಬಂದವನು

ನಾಲ್ಕು ಗಂಟೆ ವಾಚ್ (ಪಹರೆಯ ಸರದಿ), ಎಂಟು ಗಂಟೆ ಬಿಡುವು ಎಂದು ಕಾಗದದಲ್ಲಿ ಓದಿದಾಗ ಬ್ಯಾಂಕಿನ ಕೆಲಸಕ್ಕಿಂತ ಸುಖ ಅನ್ನಿಸಿತ್ತು. ಆ ಎಂಟರೊಳಗೇ ಊಟ, ಬಟ್ಟೆ ಒಗೆಯುವುದು, ಡೆಕ್ ತಿಕ್ಕುವುದು, ತುಕ್ಕು ಕೆರೆದು ಬಣ್ಣ ಬಳಿಯುವುದು ಎಲ್ಲ ಬರುತ್ತದೆ ಎಂದು ಕಾಗದದಲ್ಲಿ ಇರಲಿಲ್ಲ. ರಾತ್ರಿ ಹನ್ನೆರಡರಿಂದ ನಾಲ್ಕರವರೆಗಿನದು ಮಿಡಲ್ ವಾಚ್. ನಾನು ಗಡಿಯಾರ ನೋಡಿಕೊಂಡು ಹನ್ನೆರಡಕ್ಕೇ ಡೆಕ್ಕಿಗೆ ಬರುತ್ತಿದ್ದೆ, ಶಿಸ್ತಿನ ಸಿಪಾಯಿಯ ಹಾಗೆ. ಆದರೆ ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು. ಯಾವ ಹಾಯಿ ಬಿಚ್ಚಿದೆ, ಗಾಳಿ ಯಾವ ಕಡೆಯಿಂದ, ಕಾಣುತ್ತಿರುವ ದೀಪ ಯಾರದು ಎಂದು ಕೇಳಿ ತಿಳಿಯಬೇಕು. ಅಷ್ಟು ಹೊತ್ತೂ ನನಗೆ ವಾಚ್ ಒಪ್ಪಿಸಬೇಕಾದವನು ತೂಕಡಿಸುತ್ತ ನಿಂತಿರುತ್ತಿದ್ದ. ಅಂಕೋಲಾ ಕಡೆಯ ಚೀಫ್ ಒಬ್ಬರಿದ್ದರು, ಬೈಯುವುದಿದ್ದರೆ ಮಾತ್ರ ಕನ್ನಡ. "ತಮಾ, ನೀ ತಿಂದದ್ದು ಅವನ ನಿದ್ದೆ. ನಾಳೆ ಅವ ಚುಕ್ಕಾಣಿ ಹಿಡಿದಾಗ ನೀನು ಕೆಳಗೆ ಮಲಗಿರ್ತೀಯ, ನೆನಪಿಟ್ಕೊ" ಅಂದರು. ಆಮೇಲೆ ಕಾಲುಗಂಟೆ ಮೊದಲೇ ಮೇಲಿರುತ್ತಿದ್ದೆ. ಬುದ್ಧಿ ಬಂದದ್ದಕ್ಕಿಂತ ಹೆದರಿಕೆ ಹೆಚ್ಚು.

2. ಸಂಜೆಯ ಹೊತ್ತನ್ನು ಮಲಗಿ ಕಳೆಯಬೇಡಿ

ದಿನವನ್ನು ನಾಲ್ಕು ಗಂಟೆಗೊಂದರಂತೆ ಆರು ಪಾಲು ಮಾಡಿ ಮೂರು ತಂಡಕ್ಕೆ ಹಂಚಿದರೆ ಒಂದೇ ತಂಡಕ್ಕೆ ದಿನಾ ಮಿಡಲ್ ವಾಚ್ ಬೀಳುತ್ತದೆ. ಅದಕ್ಕೇ ಸಂಜೆ ನಾಲ್ಕರಿಂದ ಎಂಟರವರೆಗಿನದನ್ನು ಎರಡೆರಡು ಗಂಟೆಯ ಎರಡು ತುಂಡು ಮಾಡುತ್ತಾರೆ. ಇವು ಡಾಗ್ ವಾಚ್. ಆಗ ಪಾಲು ಏಳಾಗಿ ಸರದಿ ದಿನವೂ ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ಹಾಯಿಹಡಗುಗಳ ಕಾಲದಿಂದಲೂ ಹಾಡು, ಹರಟೆ, ಬಟ್ಟೆ ಹೊಲಿಗೆ, ಹಗ್ಗದಲ್ಲಿ ಹೆಣೆಯುವ ಕಸೂತಿ ಎಲ್ಲ ನಡೆದದ್ದು ಈ ಹೊತ್ತಿನಲ್ಲೇ, ಯಾಕೆಂದರೆ ಹೆಚ್ಚು ಜನ ಎಚ್ಚರವಿರುವುದು ಆಗ.

ನನಗೆ ಇದು ತಿಳಿಯಲಿಲ್ಲ. ನಿದ್ದೆ ಸಾಲದೆಂದು ಸಂಜೆಯಾದರೆ ಬಂಕಿಗೆ ಬೀಳುತ್ತಿದ್ದೆ. ಕೆಲವೇ ವಾರಗಳಲ್ಲಿ ಎಂಥ ಸ್ಥಿತಿ ಬಂತೆಂದರೆ ಜೊತೆಯವರು ನಗುವ ತಮಾಷೆ ಒಂದೂ ನನಗೆ ಅರ್ಥವಾಗುತ್ತಿರಲಿಲ್ಲ. ಎಲ್ಲ ತಮಾಷೆಗೂ ಹಿಂದಿನ ಸಂಜೆಯದೊಂದು ಕತೆ ಇರುತ್ತಿತ್ತು. ಹಗ್ಗ ಎಳೆಯುವಾಗ ಐಲೇಸಾ ಅನ್ನುವುದರಲ್ಲೂ ನಾನೊಬ್ಬ ಅರ್ಧ ಉಸಿರು ಹಿಂದೆ. ಹೋಗಿ ಕೂರತೊಡಗಿದ್ದು ಇಸ್ಪೀಟಿನ ನೆಪದಲ್ಲಿ. ಕೇರಳದವರು ಆಡುವ ಇಪ್ಪತ್ತೆಂಟು ನನಗೆ ಇವತ್ತಿಗೂ ಸರಿಯಾಗಿ ಬಾರದು. ಗುಲಾಮನೇ ಎಲ್ಲರಿಗಿಂತ ದೊಡ್ಡವನು ಎಂಬುದನ್ನು ಒಪ್ಪಲು ಮನಸ್ಸು ಬರುವುದಿಲ್ಲ. ಸೋಲುವವನೊಬ್ಬ ಅವರಿಗೂ ಬೇಕಿತ್ತು, ಹಾಗಾಗಿ ಜಾಗ ಸಿಕ್ಕಿತು.

3. ಮಳೆ ಬಂತೆಂದು ಸೋಪು ಹಚ್ಚಿಕೊಳ್ಳಬೇಡಿ

ಸಿಹಿನೀರು ಅಳತೆಯಲ್ಲಿ. ಸಮುದ್ರದ ನೀರಲ್ಲಿ ಮೀಯಬಹುದು, ಆದರೆ ಮಾಮೂಲಿ ಸೋಪು ಅದರಲ್ಲಿ ನೊರೆಯಾಗುವುದಿಲ್ಲ, ಅಂಟಂಟಾಗಿ ಮೈಗೆ ಮೆತ್ತಿಕೊಳ್ಳುತ್ತದೆ. ಬಟ್ಟೆಯದು ಇನ್ನೂ ಮಜ. ಜಾಣತನ ಮಾಡಿ ಉಪ್ಪುನೀರಲ್ಲೇ ಒಗೆದು ಒಣಗಿಸಿದೆ. ಬಿಸಿಲಿಗೆ ಗರಿಗರಿಯಾಯಿತು, ರಾತ್ರಿ ಮತ್ತೆ ತೇವ. ಬಟ್ಟೆಯಲ್ಲಿ ಉಳಿದ ಉಪ್ಪು ಗಾಳಿಯ ತೇವ ಹೀರುತ್ತಲೇ ಇರುತ್ತದೆ. ಆ ಚಡ್ಡಿ ಹಾಕಿಕೊಂಡು ನಾಲ್ಕು ಗಂಟೆ ವಾಚ್ ನಿಂತ ಮೇಲೆ ತೊಡೆಯ ಕತೆ ಬರೆಯಲಾರೆ.

ಭೂಮಧ್ಯರೇಖೆಯ ಹತ್ತಿರ ದಿಢೀರನೆ ಮಳೆ ಬರುತ್ತದೆ. ಕಪ್ಪು ಮೋಡ ಕಂಡದ್ದೇ ಬಿಡುವಿನಲ್ಲಿದ್ದವರೆಲ್ಲ ಸೋಪು, ಬಕೆಟ್ಟು ಹಿಡಿದು ಓಡುತ್ತಾರೆ. ನಾನೂ ಓಡಿದೆ. ತಲೆಯಿಂದ ಕಾಲಿನವರೆಗೆ ಸೋಪು ಹಚ್ಚಿಕೊಂಡೆ. ಮಳೆ ಬಂದಷ್ಟೇ ಬೇಗ ಸರಿದುಹೋಯಿತು. ಕಣ್ಣು ಬಿಡಲಾಗದೆ ಡೆಕ್ಕಿನಲ್ಲಿ ನಿಂತಿದ್ದೆ, ಬಿಸಿಲಿಗೆ ಸೋಪು ಒಣಗಿ ಚರ್ಮ ಬಿಗಿಯುತ್ತಿತ್ತು. ಹಳಬರು ಹೇಗೆ ಮಾಡುತ್ತಾರೆ ಎಂದು ಆಮೇಲೆ ನೋಡಿದೆ: ಮೊದಲು ಬಕೆಟ್ಟು ತುಂಬಿಸಿಕೊಳ್ಳುತ್ತಾರೆ, ಸೋಪು ಆಮೇಲೆ. ಹಾಯಿಯ ಮಡಿಕೆಯಿಂದ ಧಾರೆ ಎಲ್ಲಿ ಬೀಳುತ್ತದೆ ಎಂಬುದೂ ಅವರಿಗೆ ಗೊತ್ತು. ಇನ್ನೊಂದನ್ನು ನಾನು ಗಮನಿಸಿಯೇ ಇರಲಿಲ್ಲ. ಅಂಥ ಮಳೆಯ ಜೊತೆ ಗಾಳಿಯೂ ಬೀಸಿ ಬರುತ್ತದೆ. ನಾವು ಮೀಯುವಾಗ ವಾಚಿನವರು ಮೇಲಿನ ಹಾಯಿ ಇಳಿಸಲು ಹಗ್ಗ ಹಿಡಿದು ಒದ್ದೆಯಾಗಿ ನಿಂತಿದ್ದರು. ಅವರಿಗೆ ಒಂದು ಬಕೆಟ್ಟು ತುಂಬಿಸಿಡಬೇಕು ಎಂದು ಹೊಳೆದದ್ದು ನನ್ನ ಸರದಿಯಲ್ಲಿ ನಾನು ಹಗ್ಗ ಹಿಡಿದು ನಿಂತಾಗ.

4. ಕ್ಯಾರಂ ಬೋರ್ಡಿಗೆ ಒಂದು ಪುಸ್ತಕ ಸಾಕು

ಗಾಳಿ ತುಂಬಿದ ಹಾಯಿಹಡಗು ಒಂದು ಕಡೆಗೆ ವಾಲಿಕೊಂಡು ಸಾಗುತ್ತದೆ, ಅಷ್ಟಾಗಿ ಹೊಯ್ದಾಡುವುದಿಲ್ಲ. ವಾಲಿದ ಬದಿಗೆ ಬೋರ್ಡಿನ ಕೆಳಗೊಂದು ದಪ್ಪ ಪುಸ್ತಕ ಇಟ್ಟರೆ ಕ್ಯಾರಂ ಆಡಬಹುದು. ನನ್ನ ಈ ಶೋಧಕ್ಕೆ ಮೆಸ್ಸಿನಲ್ಲಿ ಒಳ್ಳೆಯ ಹೆಸರು ಬಂತು. ಆದರೆ ಒಂದು ದಿನ ನಾನು ರೆಡ್ ಹೊಡೆಯಲು ಹೊರಟಾಗ ಹಡಗು ಗಾಳಿಗೆ ಮಗ್ಗುಲು ಬದಲಿಸಿತು. ಬೋರ್ಡು, ಪೌಡರ್ ಡಬ್ಬಿ, ಯಾರದೋ ಚಹಾ ಎಲ್ಲ ಎದುರು ಬದಿಯವನ ಮಡಿಲಿಗೆ. ಮೇಲೆ ಏನು ನಡೆಯಲಿದೆ ಎಂದು ಒಂದು ಮಾತು ಕೇಳಿ ಆಟಕ್ಕೆ ಕೂತಿದ್ದರೆ ಸಾಕಿತ್ತು.

ಗಾಳಿ ನಿಂತ ದಿನ ಮಾತ್ರ ಯಾವ ಪುಸ್ತಕವೂ ಉಪಯೋಗಕ್ಕಿಲ್ಲ. ಆಧಾರಕ್ಕೆ ಗಾಳಿಯಿಲ್ಲದೆ ಹಡಗು ಎಡಕ್ಕೂ ಬಲಕ್ಕೂ ಉರುಳಾಡುತ್ತದೆ, ಹಾಯಿಗಳು ಪಟಪಟ ಬಡಿದುಕೊಳ್ಳುತ್ತವೆ. ವಾಂತಿ ನನ್ನನ್ನು ಹಿಡಿದದ್ದು ಬಿರುಗಾಳಿಯಲ್ಲಲ್ಲ, ಇಂಥ ಸುಮ್ಮನಿರುವ ದಿನಗಳಲ್ಲಿ. ಅಂಥ ದಿನ ಅದೃಷ್ಟವಿದ್ದರೆ ಕ್ಯಾಪ್ಟನ್ ಸಾಹೇಬರು ಈಜಲು ಬಿಡುತ್ತಾರೆ. ಮೊದಲು ದೋಣಿ ಇಳಿಸಿ, ಮಾಸ್ಟಿನ ಮೇಲೆ ಶಾರ್ಕ್ ಕಾಯಲು ಒಬ್ಬನನ್ನು ಕೂರಿಸಿ, ಆಮೇಲೆ. ಮೇಲೆ ಕೂತವನಿಗೆ ಈಜಿಲ್ಲ. ಎರಡು ಸಲ ಅವನು ನಾನೇ.

5. ಗ್ಯಾಲಿಯವರ ಜೊತೆ ಈರುಳ್ಳಿ ಹೆಚ್ಚಿ

ಅಡುಗೆಯವರಿಗೆ ನಮ್ಮ ಹಾಗೆ ಸರದಿಯಿಲ್ಲ. ನಸುಕಿಗೆ ಎದ್ದವರು ರಾತ್ರಿ ಪಾತ್ರೆ ತೊಳೆದು ಮಲಗುತ್ತಾರೆ. ಒಲೆಗೆ ಕಂಬಿ ಕಟ್ಟಿ ಪಾತ್ರೆ ಜಾರದಂತೆ ಮಾಡಿದರೂ ಒಳಗಿನ ಸಾಂಬಾರಿಗೆ ಕಂಬಿ ಕಟ್ಟಲಾಗದು. ಸೊಪ್ಪು ಕೆಲವೇ ದಿನ. ಆಮೇಲೆ ಈರುಳ್ಳಿ, ಆಲೂಗಡ್ಡೆ, ಬೇಳೆ, ಮೊಳಕೆ ಕಾಳು. ಒಮ್ಮೆ ನಾನು ಊಟದ ಸಾಲಿನಲ್ಲಿ ನಿಂತು, "ಇವತ್ತೂ ಆಲೂನಾ?" ಅಂದೆ. ಅಡುಗೆಯವನು ಏನೂ ಹೇಳಲಿಲ್ಲ. ಮರುದಿನದಿಂದ ನನ್ನ ತಟ್ಟೆಗೆ ಆಲೂ ಬೀಳುವುದೇ ನಿಂತಿತು, ಬರೀ ರಸ. ವಾರ ಕಳೆದ ಮೇಲೆ ಸೋತು, ಬೆಳಗಿನ ಬಿಡುವಿನಲ್ಲಿ ಚಾಕು ಹಿಡಿದು ಅವನ ಪಕ್ಕ ಕೂತೆ. ಹಡಗಿನ ಸುದ್ದಿಯೆಲ್ಲ ಮೊದಲು ಬರುವುದು ಈರುಳ್ಳಿ ಬುಟ್ಟಿಯ ಸುತ್ತ ಎಂದು ಆಗ ಗೊತ್ತಾಯಿತು. ಮುಂದಿನ ಬಂದರು ಯಾವುದು, ಯಾರಿಗೆ ಮಗುವಾಯಿತು, ಯಾರ ಮೇಲೆ ಯಾರಿಗೆ ಕೋಪ. ರಾತ್ರಿ ಡೆಕ್ಕಿಗೆ ಬಿದ್ದ ಹಾರುಮೀನನ್ನು ಬೆಳಿಗ್ಗೆ ತಂದುಕೊಟ್ಟರೆ ಹುರಿದುಕೊಡುತ್ತಿದ್ದ, ತಂದವನಿಗೆ ಒಂದು, ತನಗೊಂದು.

6. ಲುಕ್‌ಔಟಿನವನಿಗೆ ಕಾದಂಬರಿ ಹೇಳಬಾರದು

ನನ್ನ ಬಳಿ ಇದ್ದ ಒಂದೇ ಕನ್ನಡ ಪುಸ್ತಕ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. ಕ್ಯಾರಂ ಬೋರ್ಡಿನ ಕೆಳಗೆ ಹೋಗುತ್ತಿದ್ದುದೂ ಅದೇ, ಕುವೆಂಪು ಕ್ಷಮಿಸಲಿ. ವಾಚಿನ ಜೊತೆಗಾರರಿಗೆ ಕನ್ನಡ ಓದಲು ಬಾರದ್ದರಿಂದ ರಾತ್ರಿ ವಾಚಿನಲ್ಲಿ ನನ್ನ ಹರಕು ಹಿಂದಿಯಲ್ಲಿ ಕಂತು ಕಂತಾಗಿ ಹೇಳತೊಡಗಿದೆ. ಕೇಳುಗ ಪಂಜಾಬಿನವನು. ಮಲೆನಾಡಿನ ಜಿಗಣೆ, ಕೆಸರು ಅವನಿಗೆ ಬೇಡ, ಅವನಿಗೆ ಬೇಕಾದದ್ದು ನಾಯಿಗುತ್ತಿಯ ನಾಯಿ ಹುಲಿಯ. "ಕುತ್ತೇ ಕಾ ಕ್ಯಾ ಹುವಾ?" ಎಂದೇ ವಾಚ್ ಶುರು. ಒಂದು ರಾತ್ರಿ ಅವನು ಹಡಗಿನ ಮುಂದೆ ಲುಕ್‌ಔಟ್ ನಿಂತಿದ್ದ, ನಾನು ಪಕ್ಕದಲ್ಲಿ ಕತೆಯ ಗುತ್ತಿ ತಿಮ್ಮಿಯರನ್ನು ಓಡಿಸುತ್ತಿದ್ದೆ. ದೂರದ ಮೀನುಗಾರಿಕೆ ದೋಣಿಯ ಮಂಕು ದೀಪವನ್ನು ಮೊದಲು ಕಂಡದ್ದು ನಾವಿಬ್ಬರಲ್ಲ, ಹಿಂದೆ ನಿಂತಿದ್ದ ವಾಚ್ ಆಫೀಸರ್. ಅಪಾಯವೇನೂ ಆಗಲಿಲ್ಲ, ದೂರವಿತ್ತು. ಆದರೆ ಕೆಳಗೆ ಅಷ್ಟು ಜನ ನಮ್ಮಿಬ್ಬರ ಕಣ್ಣನ್ನು ನಂಬಿ ಮಲಗಿದ್ದರು. ಆಫೀಸರ್ ಅಂದದ್ದೂ ಅಷ್ಟೇ, ದನಿ ಏರಿಸದೆ. ಏರಿಸಿದ್ದರೆ ಒಳ್ಳೆಯದಿತ್ತು.

ಅಲ್ಲಿಂದ ಮುಂದೆ ಕತೆ ಡಾಗ್ ವಾಚಿಗೆ ವರ್ಗವಾಯಿತು, ಕೇಳುಗರೂ ಹೆಚ್ಚಿದರು. ಕೊನೆಯಲ್ಲಿ ಹುಲಿಯ ತುಂಗೆಯಲ್ಲಿ ಕೊಚ್ಚಿಹೋದಾಗ ಪಂಜಾಬಿನವನು ನನ್ನ ಜೊತೆ ಎರಡು ದಿನ ಮಾತು ಬಿಟ್ಟ.

7. ಸಿಳ್ಳೆ ಹಾಕಬೇಡಿ

ಸಿಳ್ಳೆ ಹಾಕಿದರೆ ಗಾಳಿ ಎದ್ದುಬರುತ್ತದೆ ಎಂಬುದು ನಾವಿಕರ ಹಳೆಯ ನಂಬಿಕೆ. ನಾನು ನಂಬುವುದಿಲ್ಲ. ಹಾಕಿದೆ. ಸಂಜೆಗೆ ಗಾಳಿ ಎದ್ದಿತು. ಈಗಲೂ ನಂಬುವುದಿಲ್ಲ, ಆದರೆ ಹಾಕುವುದಿಲ್ಲ.

8. ಗಡಿಯಾರದಲ್ಲಿ ಸಿಕ್ಕ ಗಂಟೆ ಒಬ್ಬರದಲ್ಲ

ಪಶ್ಚಿಮಕ್ಕೆ ಸಾಗುವ ಹಡಗಿನಲ್ಲಿ ಆಗಾಗ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು. ನಿದ್ದೆಯಲ್ಲಿದ್ದವನಿಗೆ ಅದು ಲಾಟರಿ, ವಾಚಿನಲ್ಲಿದ್ದವನಿಗೆ ನಾಲ್ಕರ ಬದಲು ಐದು ಗಂಟೆಯ ಕೆಲಸ. ಇದನ್ನು ತಿಳಿದ ಕಡೆ ರಾತ್ರಿಯ ಮೂರು ವಾಚಿಗೆ ಇಪ್ಪತ್ತು ಇಪ್ಪತ್ತು ನಿಮಿಷ ಹಂಚುತ್ತಾರೆ. ನಾನು ಲಾಟರಿ ಹೊಡೆದಾಗ ಸುಮ್ಮನಿದ್ದು, ಪೂರ್ವಕ್ಕೆ ಮರಳುವಾಗ ನನ್ನ ನಿದ್ದೆಯಿಂದ ಒಂದು ಗಂಟೆ ಹೋದಾಗ ಮಾತ್ರ ನ್ಯಾಯದ ಮಾತೆತ್ತಿದೆ. ಈರುಳ್ಳಿ ಬುಟ್ಟಿಯ ಸುತ್ತ ಅದನ್ನು ಬಹಳ ದಿನ ಆಡಿಕೊಂಡರು.

9. ಬಂದರಿಗೆ ಬಂದರೆ ರಜೆ ಅಂದುಕೊಳ್ಳಬೇಡಿ

ಹಾಯಿಹಡಗು ಬಂದರಿಗೆ ಬಂದರೆ ಊರೇ ನೋಡಲು ಬರುತ್ತದೆ. ಹಿತ್ತಾಳೆ ಹೊಳೆಯಬೇಕು, ಹಗ್ಗ ಸುರುಳಿ ಸುತ್ತಿರಬೇಕು, ಸಮವಸ್ತ್ರಕ್ಕೆ ಇಸ್ತ್ರಿ ಇರಬೇಕು. ಯುರೋಪಿನ ಟಾಲ್ ಶಿಪ್ಸ್ ರೇಸಿನಲ್ಲಂತೂ ಇದು ದೊಡ್ಡ ಜಾತ್ರೆ. 1956ರಲ್ಲಿ ಇಂಗ್ಲೆಂಡಿನ ಟಾರ್‌ಬೇಯಿಂದ ಲಿಸ್ಬನ್ನಿಗೆ ಮೊದಲ ಸ್ಪರ್ಧೆ ನಡೆಯಿತು. ಪ್ರತಿ ಹಡಗಿನಲ್ಲಿ ಅರ್ಧದಷ್ಟಾದರೂ ಜನ 15ರಿಂದ 25 ವಯಸ್ಸಿನವರಿರಬೇಕು ಎಂಬುದು ನಿಯಮ. ಬಂದರಿನಲ್ಲಿ ಮೆರವಣಿಗೆ, ಹಡಗು ಹಡಗುಗಳ ನಡುವೆ ಹಗ್ಗಜಗ್ಗಾಟ, ಫುಟ್‌ಬಾಲ್. ಸ್ನೇಹ ಬೆಳೆಸಿದ ಹಡಗಿಗೂ ಒಂದು ಟ್ರೋಫಿ ಇದೆ, ಅದನ್ನು ಸಿಬ್ಬಂದಿಯೇ ವೋಟು ಹಾಕಿ ಆರಿಸುತ್ತಾರೆ.

ಊರು ನೋಡಲೇಬೇಕೆಂದು ನಾನು ಒಮ್ಮೆ ಬಂದರಿನ ಡ್ಯೂಟಿಯನ್ನು ಗೆಳೆಯನಿಗೆ ದಾಟಿಸಿದೆ. ಬದಲಿಗೆ ಸಮುದ್ರದಲ್ಲಿ ಅವನ ಎರಡು ಮಿಡಲ್ ವಾಚ್ ನಾನು ಮಾಡಬೇಕೆಂಬ ಒಪ್ಪಂದ. ಇಡೀ ದಿನ ಸುತ್ತಿ, ದಾರಿ ತಪ್ಪಿ, ಕಾಲು ನೋಯಿಸಿಕೊಂಡು ಮರಳಿದಾಗ ಅವನು ಡೆಕ್ಕಿನಲ್ಲಿ ಪೋಲಿಷ್ ಕೆಡೆಟ್‌ಗಳಿಗೆ ತಂಬೋಲ ಆಡಿಸುತ್ತಿದ್ದ. ಅವತ್ತು ಊರಿನವರೆಲ್ಲ ಹಡಗಿಗೇ ಬಂದಿದ್ದರು. ಒಂದು ವಾಚ್ ತೀರಿಸಿದೆ, ಇನ್ನೊಂದು ತೀರಿಸುವ ಮೊದಲೇ ನನಗೆ ವರ್ಗವಾಯಿತು. ಮೊನ್ನೆ ಮಗಳ ಮದುವೆಗೆ ಕರೆಯಲು ಫೋನ್ ಮಾಡಿದರೆ ಅವನು ಮೊದಲು ಕೇಳಿದ್ದು ಆ ನಾಲ್ಕು ಗಂಟೆಯ ಲೆಕ್ಕ. ಮದುವೆಯ ಹಿಂದಿನ ರಾತ್ರಿ ಹನ್ನೆರಡರಿಂದ ನಾಲ್ಕು, ಅಡುಗೆ ಸಾಮಾನು ಕಾಯಲು ನೀನೇ ಕೂರಬೇಕು, ನಾನು ಮಲಗುತ್ತೇನೆ ಅಂದಿದ್ದಾನೆ.